ಮಾತಿನ ಬೆಲೆ: ಬೂಸಾ ಪ್ರಕರಣ ಮತ್ತು ಕನ್ನಡದೊಳಗಿನ ಭಿನ್ನದನಿಯ ಪ್ರಶ್ನೆ

1

ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಎಂಬ ಗಾದೆ ಕನ್ನಡ ನಾಡಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಯಥಾರ್ಥವಾದಿ ಲೋಕವಿರೋಧಿ ಎಂಬುದು ಇದೇ ಅನುಭವದ ಇನ್ನೊಂದು ರೂಪ. ಮಾತೇ ಮುತ್ತು, ಮಾತೇ ಮೃತ್ಯು ಎಂಬುದು ಎಚ್ಚರಿಕೆಯ ಮಾತು. ಈ ಗಾದೆಗಳನ್ನು ಜನಪದರ ಲೋಕವಿವೇಕದ ಮಾದರಿಗಳೆಂದು ನಾವು ತರಗತಿಗಳಲ್ಲಿ ವಿವರಿಸುತ್ತ ಬಂದಿದ್ದೇವೆ. ಆದರೆ ಇವು ಯಾರನ್ನು ಎಚ್ಚರಿಸುತ್ತಿವೆ ಎಂಬ ಪ್ರಶ್ನೆಯನ್ನು ಕೇಳಿದ್ದು ಕಡಿಮೆ. ಊರಿನ ಗೌಡನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಲು ಯಾವ ಅಂಜಿಕೆಯೂ ಇಲ್ಲ. ಎದೆಗೆ ಒದೆ ಬೀಳುವುದು ಎದ್ದು ಬರುವವನಿಗಿಂತ ಕೆಳಗೆ ಕುಳಿತವನಿಗೆ. ಹೀಗಾಗಿ ಈ ಗಾದೆಗಳು ಮಾತಿನ ಸ್ವಭಾವವನ್ನು ಹೇಳುವುದರ ಜೊತೆಗೆ ಮಾತಾಡುವವನ ಸ್ಥಾನಮಾನವನ್ನೂ ಹೇಳುತ್ತಿವೆ.

ನಂಬಿದ್ದನ್ನು ನುಡಿಯುವ ಧೈರ್ಯವನ್ನು ನಾವು ಸಾಮಾನ್ಯವಾಗಿ ವ್ಯಕ್ತಿಯೊಬ್ಬನ ಅಂತರಂಗದ ಗುಣವೆಂದು ಪರಿಭಾವಿಸುತ್ತೇವೆ. ಕೆಲವರಿಗೆ ಅದು ಇರುತ್ತದೆ, ಹಲವರಿಗೆ ಇರುವುದಿಲ್ಲ. ಇದ್ದವರು ಪೂಜ್ಯರು, ಇಲ್ಲದವರು ಸಾಮಾನ್ಯರು. ವಚನಕಾರರ ನಿಷ್ಠುರತೆಯನ್ನು ಕುರಿತ ನಮ್ಮ ಬಹುಪಾಲು ಬರಹಗಳ ಹಿಂದೆ ಈ ತಿಳಿವಳಿಕೆಯೇ ಕೆಲಸ ಮಾಡಿದೆ. ಆದರೆ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕಾಯಕದ ಬೇರೆ ಬೇರೆ ನೆಲೆಗಳಿಂದ ಬಂದವರು ಒಟ್ಟಾಗಿ ಕೂಡುವ, ಪರಸ್ಪರರ ಮಾತನ್ನು ಕೇಳಿಸಿಕೊಳ್ಳುವ ಒಂದು ಬಳಗ ರೂಪುಗೊಂಡಿತ್ತು ಎಂಬುದನ್ನು ಮರೆತರೆ ಆ ನಿಷ್ಠುರತೆ ವಿವರಣೆಗೆ ನಿಲುಕದ ಪವಾಡವಾಗಿಬಿಡುತ್ತದೆ. ಕೇಳುವ ಕಿವಿಗಳಿಲ್ಲದೆ ನುಡಿಯುವ ಧೈರ್ಯ ಬಹಳ ದಿನ ಬಾಳುವುದಿಲ್ಲ.

ಒಡೆದುಹೋದ ಸಮಾಜವೊಂದರಲ್ಲಿ ನಂಬಿದ್ದನ್ನು ಹೇಳುವ ಧೈರ್ಯ ಹೇಗೆ ಹುಟ್ಟುತ್ತದೆ, ಯಾವುದರ ಆಸರೆಯಿಂದ ಉಳಿಯುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಕನ್ನಡ ಸಾಂಸ್ಕೃತಿಕ ಚರಿತ್ರೆಯ ಕೆಲವು ಪ್ರಸಂಗಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. 1973ರ ಬೂಸಾ ಪ್ರಕರಣವನ್ನು ಇಲ್ಲಿ ಮುಖ್ಯ ಆಕರವಾಗಿ ಇಟ್ಟುಕೊಳ್ಳಲಾಗಿದೆ. ಈ ಪ್ರಕರಣವನ್ನು ದಲಿತ ಚಳವಳಿಯ ಪೀಠಿಕೆಯಾಗಿ ಉಲ್ಲೇಖಿಸಿ ಮುಂದೆ ಸಾಗುವುದು ನಮ್ಮ ಸಾಹಿತ್ಯ ಚರಿತ್ರೆಗಳ ರೂಢಿ. ಅದನ್ನು ಮಾತು ಮತ್ತು ಧೈರ್ಯಗಳ ಸಂಬಂಧದ ಪ್ರಕರಣವಾಗಿಯೂ ಓದಬಹುದು, ಹಾಗೆ ಓದಬೇಕಾದ ಅಗತ್ಯವೂ ಇದೆ ಎಂಬುದು ಇಲ್ಲಿನ ವಾದ.

2. ಒಂದು ಮಾತು, ಅದರ ಸಂದರ್ಭ

1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಿತು. ಏಕೀಕರಣದ ಕನಸು ಹೆಸರಿನಲ್ಲಿಯೂ ಈಡೇರಿದ ಆ ಸಂಭ್ರಮ ಇನ್ನೂ ಆರಿರಲಿಲ್ಲ. ಅದೇ ತಿಂಗಳಲ್ಲಿ ಮೈಸೂರಿನಲ್ಲಿ ನಡೆದ ಸಭೆಯೊಂದರಲ್ಲಿ ದೇವರಾಜ ಅರಸು ಅವರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ದಲಿತ ವಿದ್ಯಾರ್ಥಿಗಳು ಇಂಗ್ಲಿಷನ್ನು ಕಲಿಯಬೇಕೆಂದು ಕರೆಕೊಡುತ್ತ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಅರ್ಥದ ಮಾತನ್ನಾಡಿದರು.

ಬೂಸಾ ಎಂದರೆ ದನಕರುಗಳಿಗೆ ಹಾಕುವ ಹೊಟ್ಟು, ತೌಡು ಮೊದಲಾದ ಮೇವು. ಈ ಪದದ ಆಯ್ಕೆ ಗಮನಾರ್ಹ. ಸಾಹಿತ್ಯ ವಿಮರ್ಶೆಯ ಪರಿಭಾಷೆಯಲ್ಲಿ ‘ನಿಸ್ಸಾರ’, ‘ನಿಸ್ಸತ್ವ’ ಎಂದಿದ್ದರೆ ಅದೇ ಅಭಿಪ್ರಾಯ ಯಾವ ಕೋಲಾಹಲವನ್ನೂ ಎಬ್ಬಿಸದೆ ಹೋಗುತ್ತಿತ್ತೇನೋ. ಕೊಟ್ಟಿಗೆಯಿಂದ ಎತ್ತಿಕೊಂಡ ಈ ಮಾತು ಸಾಹಿತ್ಯದ ಪಾವಿತ್ರ್ಯಕ್ಕೆ ತಾಕಿತು. ಕೊಟ್ಟಿಗೆಯ ಕೆಲಸವನ್ನು ತಲೆಮಾರುಗಳಿಂದ ಮಾಡಿದವರ ಕಡೆಯಿಂದ ಬಂದ ರೂಪಕ ಅದು ಎಂಬುದನ್ನು ಅಂದು ಹೆಚ್ಚಿನವರು ಗುರುತಿಸಲಿಲ್ಲ. ಮನುಷ್ಯನಿಗೆ ಬೇಕಾದ ಆಹಾರ ತನ್ನ ಪಾಲಿಗೆ ಈ ಸಾಹಿತ್ಯದಲ್ಲಿ ದೊರೆಯಲಿಲ್ಲ ಎಂಬ ದೂರು ಆ ರೂಪಕದ ಒಳಗೆ ಅಡಗಿತ್ತು.

ಆ ಮಾತಿಗೆ ಬಂದ ಪ್ರತಿಕ್ರಿಯೆ ತೀವ್ರವಾಗಿತ್ತು. ವಿದ್ಯಾರ್ಥಿಗಳು ಬೀದಿಗಿಳಿದರು. ಸಚಿವರ ರಾಜೀನಾಮೆಗೆ ಒತ್ತಾಯ ಕೇಳಿಬಂದಿತು. ಬೆಂಗಳೂರು, ಮೈಸೂರು ಮೊದಲಾದ ಊರುಗಳಲ್ಲಿ ದಲಿತ ವಿದ್ಯಾರ್ಥಿಗಳ ಮೇಲೆ, ಅವರ ಹಾಸ್ಟೆಲುಗಳ ಮೇಲೆ ಹಲ್ಲೆಗಳು ನಡೆದವು. ಕೆಲವೇ ವಾರಗಳಲ್ಲಿ ಬಸವಲಿಂಗಪ್ಪನವರು ಸಚಿವ ಸ್ಥಾನವನ್ನು ತೊರೆಯಬೇಕಾಯಿತು. ತಲೆಯ ಮೇಲೆ ಮಲ ಹೊರುವ ಅಮಾನವೀಯ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಶ್ರಮಿಸಿದ ಸಚಿವರೆಂದು ಚರಿತ್ರೆಯಲ್ಲಿ ನೆನಪಾಗುವ ವ್ಯಕ್ತಿಯೊಬ್ಬರು ಸಾಹಿತ್ಯವನ್ನು ಕುರಿತ ಒಂದು ಮಾತಿಗಾಗಿ ಅಧಿಕಾರ ಕಳೆದುಕೊಂಡದ್ದು ಆ ಕಾಲದ ವೈರುಧ್ಯಗಳಲ್ಲಿ ಒಂದು.

ಪ್ರತಿಭಟಿಸಿದವರೆಲ್ಲರನ್ನೂ ಜಾತಿವಾದಿಗಳೆಂದು ಕರೆದು ಪ್ರಕರಣವನ್ನು ಮುಗಿಸುವುದು ಸುಲಭ. ಅದು ಚರಿತ್ರೆಗೆ ಮಾಡುವ ಅನ್ಯಾಯವಾದೀತು. ರಾಜ್ಯದ ಆಡಳಿತ ಭಾಷಾ ಕಾಯ್ದೆ 1963ರಲ್ಲಿಯೇ ಬಂದಿದ್ದರೂ ಕಚೇರಿಗಳಲ್ಲಿ ಕನ್ನಡದ ಸ್ಥಾನ ಭದ್ರವಾಗಿರಲಿಲ್ಲ. ಕನ್ನಡ ಓದಿದವರಿಗೆ ಉದ್ಯೋಗದ ಆತಂಕವಿತ್ತು. ತನ್ನ ನೆಲದಲ್ಲಿಯೇ ಎರಡನೆಯ ದರ್ಜೆಯ ಭಾಷೆಯಾಗುತ್ತಿದೆ ಎಂಬ ಕೊರಗು ನಿಜವಾದುದಾಗಿತ್ತು. ಇಂತಹ ಹೊತ್ತಿನಲ್ಲಿ ಸರ್ಕಾರದ ಸಚಿವರೇ ಇಂಗ್ಲಿಷಿನ ಪರವಾಗಿ ಮಾತಾಡಿದರೆಂಬ ಸುದ್ದಿ ಕನ್ನಡಾಭಿಮಾನಿಗಳನ್ನು ಕೆರಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಹೀಗೆ ಎರಡು ಗಾಯಗಳು ಎದುರುಬದುರಾದವು. ಒಂದು, ಕನ್ನಡಕ್ಕೆ ಮನ್ನಣೆ ದೊರೆಯುತ್ತಿಲ್ಲವೆಂಬ ಗಾಯ. ಇನ್ನೊಂದು, ಕನ್ನಡದೊಳಗೆ ತನಗೆ ಮನ್ನಣೆ ದೊರೆಯುತ್ತಿಲ್ಲವೆಂಬ ಗಾಯ. ಒಡೆದ ಸಮಾಜದ ಲಕ್ಷಣವೇ ಇದು. ಅಲ್ಲಿ ಪ್ರತಿಯೊಂದು ಗುಂಪಿಗೂ ತನ್ನ ಗಾಯ ಮಾತ್ರ ಕಾಣುತ್ತದೆ. ಎದುರಿನವರ ಮಾತು ಗಾಯದ ನುಡಿಯಾಗಿ ಕೇಳದೆ ಹಲ್ಲೆಯಾಗಿ ಕೇಳುತ್ತದೆ.

ಇಷ್ಟನ್ನು ಒಪ್ಪಿದ ಮೇಲೂ ಒಂದು ಸಂಗತಿ ಉಳಿಯುತ್ತದೆ. ಏಟು ತಿಂದವರು ಆ ಮಾತನ್ನು ಆಡಿದವರಲ್ಲ. ಹಾಸ್ಟೆಲಿನ ಹುಡುಗರಲ್ಲಿ ಎಷ್ಟೋ ಮಂದಿ ಆ ಸಭೆಯಲ್ಲಿ ಇದ್ದವರೂ ಅಲ್ಲ. ಆದರೂ ಜಾತಿಯ ಕಾರಣದಿಂದ ಅವರು ಆ ಮಾತಿಗೆ ಉತ್ತರದಾಯಿಗಳಾದರು. ಮೇಲ್ಸ್ತರದ ವ್ಯಕ್ತಿ ಮಾತಾಡಿದಾಗ ಅದು ಅವನ ಸ್ವಂತ ಅಭಿಪ್ರಾಯ. ಅಂಚಿನ ವ್ಯಕ್ತಿ ಮಾತಾಡಿದಾಗ ಅದು ಅವನ ಇಡೀ ಸಮುದಾಯದ ಅಪರಾಧ. ಧೈರ್ಯದ ಬೆಲೆಯನ್ನು ಮಾತಾಡಿದವನೊಬ್ಬನೇ ತೆರುವುದಾದರೆ ಅದು ವೈಯಕ್ತಿಕ ಗುಣ. ಅವನ ಕೇರಿಯೇ ತೆರಬೇಕಾದಾಗ ಅದು ಸಾಮಾಜಿಕ ಪ್ರಶ್ನೆ. ಅನೇಕರು ಮೌನವಾಗಿರುವುದು ತಮಗಾಗುವ ಅಂಜಿಕೆಯಿಂದಲ್ಲ, ತಮ್ಮವರಿಗೆ ಏನಾದೀತೋ ಎಂಬ ಕಾಳಜಿಯಿಂದ. ಅಂತಹ ಮೌನವನ್ನು ಹೇಡಿತನವೆಂದು ಕರೆಯುವ ಮೊದಲು ನಾವು ಯೋಚಿಸಬೇಕಾಗುತ್ತದೆ.

3. ಒಂದೇ ಅಭಿಪ್ರಾಯ, ಬೇರೆ ಬೇರೆ ಬಾಯಿ

ಕನ್ನಡ ಸಾಹಿತ್ಯವನ್ನು ಕಟುವಾಗಿ ವಿಮರ್ಶಿಸಿದವರಲ್ಲಿ ಬಸವಲಿಂಗಪ್ಪನವರು ಮೊದಲಿಗರಲ್ಲ. ಅವರಿಗಿಂತ ಎರಡು ದಶಕಗಳ ಹಿಂದಿನಿಂದಲೇ ನವ್ಯದ ಲೇಖಕರು ನವೋದಯದ ಬಹುಪಾಲು ಬರವಣಿಗೆಯನ್ನು ಜೊಳ್ಳೆಂದು ತಳ್ಳಿಹಾಕಿದ್ದರು. ಅದು ಸಾಹಿತ್ಯಕ ವಾಗ್ವಾದವಾಗಿ ನಡೆಯಿತು, ಪತ್ರಿಕೆಗಳ ಪುಟಗಳಲ್ಲಿ ಬೆಳೆಯಿತು, ಕೊನೆಗೆ ಪಠ್ಯಕ್ರಮದ ಭಾಗವೂ ಆಯಿತು. ಯಾವ ನವ್ಯ ವಿಮರ್ಶಕನ ಮನೆಯವರೂ ಅದಕ್ಕಾಗಿ ಏಟು ತಿನ್ನಲಿಲ್ಲ. ಹಾಗಾದರೆ 1973ರಲ್ಲಿ ಭಿನ್ನವಾದದ್ದು ಅಭಿಪ್ರಾಯದ ತೀಕ್ಷ್ಣತೆಯಲ್ಲ, ಅಭಿಪ್ರಾಯ ಹೇಳಿದವರ ಅಧಿಕಾರ. ಸಾಹಿತ್ಯದ ಬಗ್ಗೆ ತೀರ್ಪು ಕೊಡುವ ಹಕ್ಕು ಯಾರಿಗಿದೆ ಎಂಬ, ಅದುವರೆಗೆ ಯಾರೂ ಬಾಯಿಬಿಟ್ಟು ಕೇಳದಿದ್ದ ಪ್ರಶ್ನೆ ಅಂದು ಬೀದಿಗೆ ಬಂದಿತು.

ಈ ಸಂದರ್ಭದಲ್ಲಿ ಕುವೆಂಪು ಅವರ ನಿಲುವು ಮುಖ್ಯವಾಗುತ್ತದೆ. ಕನ್ನಡಕ್ಕೆ ಮೊದಲ ಜ್ಞಾನಪೀಠವನ್ನು ತಂದುಕೊಟ್ಟ, ಕನ್ನಡ ಮಾಧ್ಯಮಕ್ಕಾಗಿ ಜೀವಮಾನವಿಡೀ ವಾದಿಸಿದ ಹಿರಿಯ ಕವಿ ಬಸವಲಿಂಗಪ್ಪನವರ ಮಾತಿನಲ್ಲಿ ಸತ್ಯವಿದೆ ಎಂಬ ನಿಲುವನ್ನು ತಾಳಿದರು. ಕನ್ನಡದ ಪರಮಾಭಿಮಾನಿಯೊಬ್ಬರು ಹೀಗೆ ನಿಂತದ್ದರಿಂದ, ಕನ್ನಡವನ್ನು ಟೀಕಿಸುವುದು ಕನ್ನಡದ್ರೋಹ ಎಂಬ ಸರಳ ಸಮೀಕರಣಕ್ಕೆ ಪೆಟ್ಟು ಬಿದ್ದಿತು. ಕುವೆಂಪು ಅವರ ಮನೆಗೆ ಕಲ್ಲು ಬಿದ್ದಿದ್ದರೂ ಅವರ ಸ್ಥಾನಕ್ಕೆ ಕುಂದು ಬರುತ್ತಿರಲಿಲ್ಲ ಎಂದು ಹೇಳಿ ಅವರ ಧೈರ್ಯವನ್ನು ಕಡಿಮೆ ಅಂದಾಜು ಮಾಡಬಾರದು. ಗಳಿಸಿದ ಗೌರವವನ್ನು ಇನ್ನೊಬ್ಬರ ರಕ್ಷಣೆಗೆ ಖರ್ಚು ಮಾಡುವುದು ಧೈರ್ಯದ ಒಂದು ವಿಶಿಷ್ಟ ರೂಪ. ಹೇಳಲಾಗದವರ ಪರವಾಗಿ ತಾನೇ ಹೇಳುವುದು ಒಂದು ಬಗೆ. ಹೇಳಿದವನ ಪಕ್ಕದಲ್ಲಿ ಹೋಗಿ ನಿಲ್ಲುವುದು ಇನ್ನೊಂದು ಬಗೆ. ಎರಡನೆಯದು ಹೇಳಿದವನ ಮಾತನ್ನು ಕಸಿದುಕೊಳ್ಳದೆ ಅದಕ್ಕೆ ಬಲ ಕೊಡುತ್ತದೆ.

ಡಿ. ಆರ್. ನಾಗರಾಜ್ ಅವರು ದಲಿತ ಚಳವಳಿಯನ್ನು ಕುರಿತ ತಮ್ಮ ಇಂಗ್ಲಿಷ್ ಬರಹದಲ್ಲಿ ಗಾಂಧಿಯವರ ಆತ್ಮಶುದ್ಧಿಯ ಮಾರ್ಗವನ್ನೂ ಅಂಬೇಡ್ಕರ್ ಅವರ ಆತ್ಮಗೌರವದ ಮಾರ್ಗವನ್ನೂ ಮುಖಾಮುಖಿಯಾಗಿಸಿ ಚರ್ಚಿಸಿದ್ದಾರೆ. ಆ ಪರಿಕಲ್ಪನೆಗಳನ್ನು ಇಲ್ಲಿಗೂ ಅನ್ವಯಿಸಬಹುದು. ಪರಂಪರೆಯ ಒಳಗೆ ಸ್ಥಾನವಿರುವವನು ಪರಂಪರೆಯನ್ನು ಟೀಕಿಸಿದರೆ ಅದು ಆತ್ಮಶುದ್ಧಿಯೆನಿಸಿಕೊಳ್ಳುತ್ತದೆ. ಸಮಾಜ ಅದನ್ನು ಸಹಿಸುತ್ತದೆ, ಕೆಲವೊಮ್ಮೆ ಮೆಚ್ಚುತ್ತದೆ. ಪರಂಪರೆಯಲ್ಲಿ ಸ್ಥಾನವಿಲ್ಲದವನು ಅದೇ ಟೀಕೆಯನ್ನು ಮಾಡಿದರೆ ಅದು ಆತ್ಮಗೌರವದ ಘೋಷಣೆಯಾಗುತ್ತದೆ. ಅದನ್ನು ಸಹಿಸುವುದು ಕಷ್ಟ, ಏಕೆಂದರೆ ಅಲ್ಲಿ ಶುದ್ಧವಾಗಬೇಕಾದವರು ಯಾರು ಎಂಬುದನ್ನು ಹೊರಗಿನವನು ನಿರ್ಧರಿಸುತ್ತಿದ್ದಾನೆ. ಕುವೆಂಪು ಮತ್ತು ಬಸವಲಿಂಗಪ್ಪ ಅವರ ಮಾತುಗಳು ದೊರಕಿಸಿಕೊಂಡ ಪ್ರತಿಕ್ರಿಯೆಗಳ ಅಂತರ ಈ ನೆಲೆಯಲ್ಲಿ ಸ್ಪಷ್ಟವಾಗುತ್ತದೆ.

ಇಲ್ಲಿ ಒಂದು ಎಚ್ಚರ ಅಗತ್ಯ. ಧೈರ್ಯದಿಂದ ಹೇಳಿದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಕನ್ನಡ ಸಾಹಿತ್ಯವೆಲ್ಲವನ್ನೂ, ಅಥವಾ ಅದರ ಬಹುಭಾಗವನ್ನು ಒಂದೇ ಪದದಲ್ಲಿ ತೂಗುವುದು ವಿಮರ್ಶೆಯಾಗಲಾರದು. ವಚನಗಳು, ತತ್ವಪದಗಳು, ಮಲೆ ಮಹದೇಶ್ವರ ಮತ್ತು ಮಂಟೇಸ್ವಾಮಿ ಕಾವ್ಯಗಳಂತಹ ಮೌಖಿಕ ಪರಂಪರೆಗಳು ಆ ತೀರ್ಪಿನೊಳಗೆ ಸೇರುತ್ತವೆಯೇ ಎಂದು ಕೇಳಲು ಅಂದು ಅವಕಾಶವಿತ್ತು. ಹಾಗೆ ಕೇಳಿದ್ದರೆ ಕನ್ನಡ ಸಾಹಿತ್ಯವೆಂದರೆ ಯಾವುದು, ಪಠ್ಯಗಳಲ್ಲಿ ಯಾವುದಕ್ಕೆ ಜಾಗ ಸಿಕ್ಕಿದೆ, ಯಾವುದಕ್ಕೆ ಸಿಕ್ಕಿಲ್ಲ ಎಂಬ ಬೆಲೆಯುಳ್ಳ ಚರ್ಚೆ ಆಗಲೇ ಆರಂಭವಾಗುತ್ತಿತ್ತು. ವಾದಕ್ಕೆ ವಾದ ಉತ್ತರವಾಗಬೇಕಿದ್ದ ಕಡೆ ಕಲ್ಲು ಉತ್ತರವಾಯಿತು. ಭಿನ್ನದನಿಯನ್ನು ಅಡಗಿಸಿದಾಗ ಕಳೆದುಹೋಗುವುದು ಆ ದನಿ ಮಾತ್ರವಲ್ಲ, ಅದಕ್ಕೆ ಕೊಡಬಹುದಾಗಿದ್ದ ಒಳ್ಳೆಯ ಉತ್ತರವೂ ಹೌದು.

4. ಧೈರ್ಯಕ್ಕೊಂದು ವೇದಿಕೆ

ಬೂಸಾ ಪ್ರಕರಣ ದಲಿತ ಯುವಕರನ್ನು ಮೌನಕ್ಕೆ ತಳ್ಳಬಹುದಾಗಿತ್ತು. ನಡೆದದ್ದು ಅದಕ್ಕೆ ವಿರುದ್ಧವಾದುದು. 1974ರಲ್ಲಿ ಮೈಸೂರಿನಲ್ಲಿ ಬರಹಗಾರರ ಮತ್ತು ಕಲಾವಿದರ ಒಕ್ಕೂಟ ಸಭೆ ಸೇರಿತು. ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರೂ ಅವರ ಸಂಗಡಿಗರೂ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದರು. ಸಿದ್ಧಲಿಂಗಯ್ಯನವರ ‘ಹೊಲೆ ಮಾದಿಗರ ಹಾಡು’ 1975ರಲ್ಲಿ ಪ್ರಕಟವಾಯಿತು. ಬೂಸಾ ಚಳವಳಿಯ ದಿನಗಳ ಅನುಭವವನ್ನು ಅವರು ಮುಂದೆ ತಮ್ಮ ಆತ್ಮಕಥನ ‘ಊರುಕೇರಿ’ಯಲ್ಲಿ ದಾಖಲಿಸಿದ್ದಾರೆ. ಆ ಕಥನದಲ್ಲಿ ಭಯದ ದಿನಗಳನ್ನೂ ನಗುವಿನೊಡನೆ ನೆನೆಯುವ ಧಾಟಿಯಿದೆ. ಅಂಜಿಕೆಯನ್ನು ಒಪ್ಪಿಕೊಳ್ಳುವುದು, ಅದನ್ನು ಹಾಸ್ಯಕ್ಕೆ ತಿರುಗಿಸುವುದು ಕೂಡ ಧೈರ್ಯದ ಸಾಧನಗಳೇ ಎಂಬುದಕ್ಕೆ ಆ ಕೃತಿ ಸಾಕ್ಷಿ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಸಂಘಟನೆ, ಪತ್ರಿಕೆ, ಹಾಡು ಇವು ಒಬ್ಬೊಬ್ಬರ ಧೈರ್ಯದ ಫಲಗಳಾಗಿರುವಂತೆಯೇ ಅದರ ಕಾರಣಗಳೂ ಆಗಿದ್ದವು ಎಂಬುದು. ಹಳ್ಳಿಯ ಚಾವಡಿಯ ಮುಂದೆ ಒಬ್ಬಂಟಿಯಾಗಿ ಹೇಳಲಾಗದ ಮಾತನ್ನು ಹತ್ತು ಜನ ಸೇರಿ ತಮಟೆಯ ಲಯಕ್ಕೆ ಹಾಡಬಹುದು. ಹಾಡಿದವನು ಇಂಥವನೇ ಎಂದು ಬೆರಳು ತೋರಿಸಲಾಗದು. ವ್ಯಕ್ತಿಯ ಹೆಗಲ ಮೇಲಿದ್ದ ಅಪಾಯವನ್ನು ಗುಂಪಿನ ಹೆಗಲಿಗೆ ಹಂಚುವ ಶಕ್ತಿ ಸಾಮೂಹಿಕ ಪ್ರಕಾರಗಳಿಗೆ ಇದೆ. ದಲಿತ–ಬಂಡಾಯ ಕಾವ್ಯದ ಘೋಷಣಾತ್ಮಕತೆಯನ್ನು ಕಲೆಗಾರಿಕೆಯ ಕೊರತೆಯೆಂದು ಆಕ್ಷೇಪಿಸಿದ ವಿಮರ್ಶೆ ಆ ಪ್ರಕಾರ ನಿರ್ವಹಿಸಿದ ಈ ಕಾರ್ಯವನ್ನು ಅಷ್ಟಾಗಿ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಇರುವ ವೇದಿಕೆ ಬಾಗಿಲು ತೆರೆಯದಿದ್ದಾಗ ಬೇರೆ ವೇದಿಕೆಯನ್ನು ಕಟ್ಟಬೇಕಾಗುತ್ತದೆ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲವು 1936ರಲ್ಲಿ ಅಂಬೇಡ್ಕರ್ ಅವರನ್ನು ಅಧ್ಯಕ್ಷತೆಗೆ ಆಹ್ವಾನಿಸಿ, ಅವರ ಭಾಷಣದ ಕೆಲವು ಭಾಗಗಳನ್ನು ಬದಲಾಯಿಸಬೇಕೆಂದು ಕೇಳಿತು. ಅವರು ಒಪ್ಪಲಿಲ್ಲ, ಸಭೆ ರದ್ದಾಯಿತು. ಮಾಡದ ಆ ಭಾಷಣವನ್ನು ಅವರು ತಾವೇ ಅಚ್ಚುಹಾಕಿಸಿದರು. ‘ಜಾತಿ ವಿನಾಶ’ ಎಂದು ಕನ್ನಡದಲ್ಲಿ ಪರಿಚಿತವಾಗಿರುವ ಕೃತಿ ಅದು. 1979ರ ಮಾರ್ಚ್ ತಿಂಗಳಲ್ಲಿ ಕನ್ನಡದಲ್ಲಿಯೂ ಇಂತಹದೇ ಸಂದರ್ಭ ಒದಗಿತು. ಗೋಪಾಲಕೃಷ್ಣ ಅಡಿಗರ ಅಧ್ಯಕ್ಷತೆಯಲ್ಲಿ ಧರ್ಮಸ್ಥಳದಲ್ಲಿ ನಡೆಯಲಿದ್ದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಇರಬೇಕೆಂಬ ಬೇಡಿಕೆ ಬಂದಿತು. ಸಾಹಿತ್ಯದಲ್ಲಿ ಇಂತಹ ವಿಂಗಡಣೆ ಸಲ್ಲದೆಂಬ ಕಾರಣದಿಂದ ಅದು ತಿರಸ್ಕೃತವಾಯಿತು. ಒಪ್ಪದ ಲೇಖಕರು ಅದೇ ತಿಂಗಳು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನವನ್ನು ನಡೆಸಿದರು. ಬರಗೂರು ರಾಮಚಂದ್ರಪ್ಪನವರು ಅದರ ಸಂಚಾಲಕರಾಗಿದ್ದರು.

ಸಾಹಿತ್ಯದಲ್ಲಿ ಭೇದವಿಲ್ಲ ಎಂಬ ಮಾತು ತತ್ವವಾಗಿ ಉದಾತ್ತವಾದುದು. ಆದರೆ ಭೇದವಿರುವ ಸಮಾಜದಲ್ಲಿ ಭೇದವನ್ನು ಹೆಸರಿಸುವುದೇ ತಪ್ಪು ಎಂದಾಗ, ಭೇದವನ್ನು ಅನುಭವಿಸುವವನು ಮಾತಾಡುವ ದಾರಿಯೇ ಮುಚ್ಚಿಹೋಗುತ್ತದೆ. ಬಲಪ್ರಯೋಗವಿಲ್ಲದೆ ದನಿಯನ್ನು ಅಡಗಿಸುವ ಕ್ರಮ ಇದು. 1973ರಲ್ಲಿ ಕಲ್ಲು ಮಾಡಿದ್ದನ್ನು 1979ರಲ್ಲಿ ಸದ್ಭಾವನೆಯ ವಾಕ್ಯವೊಂದು ಮಾಡಿತು. ವಿದ್ವತ್ ವಲಯಗಳಲ್ಲಿ ಕಲ್ಲಿಗಿಂತ ಇಂತಹ ವಾಕ್ಯಗಳೇ ಹೆಚ್ಚು ಬಳಕೆಯಲ್ಲಿವೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

5. ತನ್ನವರ ಎದುರಿನಲ್ಲಿ

ಎದುರಾಳಿ ಗುಂಪಿನ ವಿರುದ್ಧ ಮಾತಾಡುವವನಿಗೆ ತನ್ನ ಗುಂಪಿನ ಬೆಂಬಲವಿರುತ್ತದೆ. ಎಷ್ಟೋ ವೇಳೆ ಧೈರ್ಯದಂತೆ ತೋರುವ ಅಬ್ಬರದ ಮಾತುಗಳು ತನ್ನವರ ಚಪ್ಪಾಳೆಗಾಗಿ ಆಡಿದವುಗಳಾಗಿರುತ್ತವೆ. ಬೆನ್ನ ಹಿಂದೆ ಬಹುಸಂಖ್ಯೆಯನ್ನು ಇಟ್ಟುಕೊಂಡು ದುರ್ಬಲರನ್ನು ಜರೆಯುವುದಕ್ಕೆ ಧೈರ್ಯವೆಂದು ಹೆಸರಿಡಲಾಗದು. ನಿಜವಾದ ಪರೀಕ್ಷೆ ಇರುವುದು ತನ್ನವರ ಎದುರಿನಲ್ಲಿ ಅವರಿಗೆ ಬೇಡವಾದುದನ್ನು ಹೇಳುವಾಗ. ಸಮುದಾಯವೊಂದು ಹೊರಗಿನ ಹಗೆತನಕ್ಕೆ ಗುರಿಯಾಗಿದ್ದಾಗ ಅದರೊಳಗಿನ ವಿಮರ್ಶಕರ ಸ್ಥಿತಿ ಮತ್ತೂ ಬಿಕ್ಕಟ್ಟಿನದಾಗುತ್ತದೆ. ಒಳಗಿನವರು ಅವರನ್ನು ದ್ರೋಹಿಗಳೆನ್ನುತ್ತಾರೆ; ಹೊರಗಿನವರು ಅವರ ಮಾತನ್ನು ತಮ್ಮ ಹಗೆತನಕ್ಕೆ ಸಾಕ್ಷಿಯಾಗಿ ಬಳಸಿಕೊಳ್ಳುತ್ತಾರೆ.

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಈ ನೆಲೆಯಲ್ಲಿ ನೋಡಬಹುದು. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಈ ಕೃತಿ, ತಂದೆಯ ಹಟದಿಂದ ತಲಾಖಿಗೆ ಒಳಗಾದ ನಾದಿರಾ ಗಂಡನನ್ನು ಮತ್ತೆ ಸೇರಬೇಕಾದರೆ ಒಂದು ರಾತ್ರಿಯ ಮಟ್ಟಿಗೆ ಇನ್ನೊಬ್ಬನ ಹೆಂಡತಿಯಾಗಬೇಕೆಂಬ ಕಟ್ಟಳೆಯ ಎದುರು ಅನುಭವಿಸುವ ಸಂಕಟವನ್ನು ಚಿತ್ರಿಸುತ್ತದೆ. 1985ರಲ್ಲಿ ಪುತ್ತೂರಿನ ಸಾಹಿತ್ಯ ಸಭೆಯೊಂದರಲ್ಲಿ ಅವರು ಸ್ವಸಮುದಾಯದ ಸಂಪ್ರದಾಯವಾದಿಗಳ ತೀವ್ರ ವಿರೋಧವನ್ನು ಎದುರಿಸಬೇಕಾಯಿತು. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಮುಂದೆ ತಮ್ಮದೇ ಚಂದ್ರಗಿರಿ ಪ್ರಕಾಶನವನ್ನು ಆರಂಭಿಸಿದರು. 2023ರಲ್ಲಿ ನಿಧನರಾಗುವವರೆಗೂ ಅವರ ನಿಲುವು ಸಡಿಲಲಿಲ್ಲ. ಕೃತಿಯಲ್ಲಿ ಧರ್ಮದ ನಿಂದೆಯಿಲ್ಲ. ಹೆಣ್ಣೊಬ್ಬಳ ಬಾಳು ಕಟ್ಟಳೆಯ ಕೈಯಲ್ಲಿ ಏನಾಗುತ್ತದೆ ಎಂಬುದನ್ನು ತೋರಿಸಿ, ತೀರ್ಪನ್ನು ಓದುಗರಿಗೆ ಬಿಡಲಾಗಿದೆ. ಹೇಳಿಕೆಗೆ ಸಾಧ್ಯವಾಗದ್ದು ಕಥೆಗೆ ಸಾಧ್ಯವಾಗುವುದು ಹೀಗೆ.

ಹಾಸನದ ಬಾನು ಮುಷ್ತಾಕ್ ಅವರು ಬಂಡಾಯ ಸಾಹಿತ್ಯ ಚಳವಳಿಯ ನಂಟಿನಲ್ಲಿ ಬೆಳೆದ ಲೇಖಕಿ. ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾಗಿ ದುಡಿದವರು, ವಕೀಲರು. ಮುಸ್ಲಿಂ ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದು ಹೇಳಿದ್ದಕ್ಕಾಗಿ 2000ದಲ್ಲಿ ಅವರು ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಿದರು. ಅವರ ಮೇಲೆ ಚಾಕುವಿನಿಂದ ಹಲ್ಲೆಯ ಯತ್ನವೂ ನಡೆಯಿತು. 2025ರ ಮೇ ತಿಂಗಳಲ್ಲಿ ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಆಹ್ವಾನಿಸಿದಾಗ ವಿರೋಧ ಎದ್ದಿತು. ವಿಷಯ ಉಚ್ಚ ನ್ಯಾಯಾಲಯಕ್ಕೂ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ಎರಡೂ ಕಡೆ ಅರ್ಜಿಗಳು ವಜಾ ಆದವು. ಸೆಪ್ಟೆಂಬರ್ 22ರಂದು ಅವರು ದಸರಾವನ್ನು ಉದ್ಘಾಟಿಸಿದರು. 2000ದಲ್ಲಿ ತನ್ನ ಸಮುದಾಯದ ಹಿರಿಯರನ್ನು ಪ್ರಶ್ನಿಸಿದ್ದಕ್ಕಾಗಿ ಬಹಿಷ್ಕೃತರಾದವರು 2025ರಲ್ಲಿ ಆ ಸಮುದಾಯಕ್ಕೆ ಸೇರಿದವರೆಂಬ ಕಾರಣದಿಂದಲೇ ಆಕ್ಷೇಪಕ್ಕೆ ಒಳಗಾದರು.

ಆ ವಿರೋಧದ ಸಂದರ್ಭದಲ್ಲಿ ಅವರ ಹಳೆಯ ಭಾಷಣವೊಂದು ಚರ್ಚೆಗೆ ಬಂದಿತು. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರಿಗೆ ತಕ್ಕ ಪ್ರಾತಿನಿಧ್ಯ ಸಿಕ್ಕಿಲ್ಲವೆಂಬ ದೂರಿನ ಹಿನ್ನೆಲೆಯಲ್ಲಿ ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನ ಏರ್ಪಟ್ಟಿತ್ತು. ಕನ್ನಡವನ್ನು ಭುವನೇಶ್ವರಿ ದೇವಿಯಾಗಿಸಿ, ಅರಿಸಿನ ಕುಂಕುಮಗಳ ಬಣ್ಣದಲ್ಲಿ ಕಲ್ಪಿಸಿಕೊಂಡಾಗ ತನ್ನಂಥವರು ಎಲ್ಲಿ ನಿಲ್ಲಬೇಕು ಎಂಬ ಅರ್ಥದ ಪ್ರಶ್ನೆಯನ್ನು ಅವರು ಅಲ್ಲಿ ಎತ್ತಿದ್ದರು. ಇದನ್ನು 1973ರ ಮಾತಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ತನ್ನವರಿಗೆ ಏನಿದೆ ಎಂದು ಕೇಳಿದರು. ಬಾನು ಅವರು ಕನ್ನಡದ ಪ್ರತಿಮೆಯೊಳಗೆ ತನಗೆಲ್ಲಿ ಜಾಗ ಎಂದು ಕೇಳಿದರು. ಎರಡರ ಧಾಟಿ ಬೇರೆ. ಮೊದಲನೆಯದು ತೀರ್ಪು, ಎರಡನೆಯದು ಪ್ರಶ್ನೆ. ಎರಡನ್ನೂ ಹಲವರು ಕನ್ನಡದ ಅವಮಾನವೆಂದೇ ಗ್ರಹಿಸಿದರು. ಭುವನೇಶ್ವರಿಯ ಪ್ರತಿಮೆ ಏಕೀಕರಣ ಕಾಲದಲ್ಲಿ ಹಂಚಿಹೋಗಿದ್ದ ಜನರನ್ನು ಒಗ್ಗೂಡಿಸಿದ್ದೂ ನಿಜ, ಅದು ಕೆಲವರನ್ನು ಹೊಸ್ತಿಲಲ್ಲಿ ನಿಲ್ಲಿಸುವುದೂ ನಿಜ. ಈ ಎರಡು ನಿಜಗಳನ್ನು ಒಟ್ಟಿಗೆ ಇಟ್ಟುಕೊಂಡು ಚರ್ಚಿಸುವ ಕೆಲಸ ಕನ್ನಡ ವಿಭಾಗಗಳದು. ಅಭಿಮಾನದ ಹೊರಗೆ ನಿಂತು ಕೇಳಿದ ಪ್ರಶ್ನೆಯೆಂದು ಅದನ್ನು ತಳ್ಳಿಹಾಕಲು ಬರುವುದಿಲ್ಲ. ಕೇಳಿದವರು ಕನ್ನಡದಲ್ಲಿಯೇ ಕೇಳಿದ್ದಾರೆ, ಕನ್ನಡದಲ್ಲಿಯೇ ಬದುಕನ್ನು ಬರೆದಿದ್ದಾರೆ.

6. ಸಂಶೋಧಕನ ಮಾತು

ನಮ್ಮ ಕ್ಷೇತ್ರಕ್ಕೆ ತೀರ ಹತ್ತಿರದ ಪ್ರಸಂಗ ಡಾ. ಎಂ. ಎಂ. ಕಲಬುರ್ಗಿ ಅವರದು. ‘ಮಾರ್ಗ’ದ ಮೊದಲ ಸಂಪುಟದಲ್ಲಿ ಶರಣರ ಕೌಟುಂಬಿಕ ಬದುಕನ್ನು ಕುರಿತು ಅವರು ಮಂಡಿಸಿದ ವಿಚಾರಗಳು ವಿವಾದಕ್ಕೊಳಗಾದವು. 1989ರಲ್ಲಿ ಒತ್ತಡಕ್ಕೆ ಸಿಲುಕಿ ಅವರು ಆ ಭಾಗಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕುಟುಂಬದ ಸುರಕ್ಷತೆಗಾಗಿ ಹಾಗೆ ಮಾಡಿದ್ದಾಗಿಯೂ ಅದು ತಮ್ಮ ಬೌದ್ಧಿಕ ಆತ್ಮಹತ್ಯೆಯೆಂದೂ ಅವರು ಹೇಳಿಕೊಂಡದ್ದು ಪ್ರಸಿದ್ಧವಾಗಿದೆ.

ಆ ಹಿಂತೆಗೆತವನ್ನು ಸೋಲೆಂದು ಬಗೆದವರಿದ್ದಾರೆ. ಮುಂದಿನ ಇಪ್ಪತ್ತೈದು ವರ್ಷಗಳನ್ನು ಗಮನಿಸಿದರೆ ಬೇರೆ ಚಿತ್ರ ಕಾಣುತ್ತದೆ. ಸಮಗ್ರ ವಚನ ಸಂಪುಟಗಳ ಸಂಪಾದನೆಯ ನೇತೃತ್ವ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿತ್ವ, ‘ಮಾರ್ಗ’ದ ಮುಂದಿನ ಸಂಪುಟಗಳು ಇವೆಲ್ಲ ಆ ಬಳಿಕದವು. ‘ಮಾರ್ಗ 4’ಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಒಂದು ಕಡೆ ಹಿಂದೆ ಸರಿದವರು ಸಂಶೋಧನೆಯ ದಾರಿಯನ್ನು ಬಿಡಲಿಲ್ಲ, ಒಪ್ಪದ ವಿಚಾರಗಳನ್ನು ಹೇಳುವುದನ್ನೂ ಬಿಡಲಿಲ್ಲ. ಧೈರ್ಯವನ್ನು ಒಂದು ಕ್ಷಣದ ಉತ್ತರದಿಂದ ಅಳೆಯುವುದು ಸರಿಯಲ್ಲ; ಒಂದು ಜೀವಮಾನದ ದುಡಿಮೆಯ ಮೂಲಕ ಅಳೆಯಬೇಕು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲಿಯೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು.

1989ರ ಪ್ರಸಂಗ ನಮ್ಮನ್ನು ಕೇಳುವ ಪ್ರಶ್ನೆ ಇನ್ನೊಂದಿದೆ. ಅವರ ಆಧಾರಗಳು ದುರ್ಬಲವಾಗಿದ್ದರೆ ಅದನ್ನು ತೋರಿಸಬೇಕಾದವರು ಹಸ್ತಪ್ರತಿ, ಶಾಸನಗಳನ್ನು ಬಲ್ಲ ವಿದ್ವಾಂಸರು. ಆ ಚರ್ಚೆ ವಿದ್ವತ್ ಪತ್ರಿಕೆಗಳಲ್ಲಿ ಮುಗಿಯಬೇಕಿತ್ತು. ಅದು ವಿದ್ವತ್ ವಲಯದ ಹೊರಗೆ ಇತ್ಯರ್ಥವಾಯಿತು. ವಿದ್ವತ್ ವಲಯ ತನ್ನ ಭಿನ್ನಾಭಿಪ್ರಾಯಗಳನ್ನು ತಾನೇ ಗಟ್ಟಿಯಾಗಿ, ನ್ಯಾಯವಾಗಿ ನಡೆಸಿಕೊಳ್ಳದಿದ್ದರೆ ಅವುಗಳ ಇತ್ಯರ್ಥವನ್ನು ಬೇರೆಯವರು ವಹಿಸಿಕೊಳ್ಳುತ್ತಾರೆ. ಸಂಶೋಧಕನ ಧೈರ್ಯದ ಅರ್ಧಭಾಗ ಅವನ ಆಧಾರಗಳಲ್ಲಿದೆ. ಉಳಿದರ್ಧ ಅವನನ್ನು ಒಪ್ಪದ ಸಹೋದ್ಯೋಗಿಗಳಲ್ಲಿದೆ. ನಿನ್ನ ನಿರ್ಣಯ ತಪ್ಪು, ಆದರೆ ಅದನ್ನು ಮಂಡಿಸುವ ನಿನ್ನ ಹಕ್ಕಿಗೆ ನಾನು ಹೊಣೆ ಎಂದು ಹೇಳುವ ಒಬ್ಬ ಸಹೋದ್ಯೋಗಿ ಸಿಕ್ಕರೂ ಒಂಟಿತನ ಮುರಿಯುತ್ತದೆ.

7. ಸಮಾರೋಪ

ಮೇಲಿನ ಪ್ರಸಂಗಗಳಿಂದ ಕೆಲವು ಮಾತುಗಳನ್ನು ನಿಶ್ಚಯವಾಗಿ ಹೇಳಬಹುದು. ನುಡಿಯುವ ಧೈರ್ಯ ಒಂಟಿ ವ್ಯಕ್ತಿಯ ಗುಣವಾಗಿ ಆರಂಭವಾದರೂ ಬಳಗ, ವೇದಿಕೆ, ಪತ್ರಿಕೆ, ಪ್ರಕಾರಗಳ ಆಸರೆಯಿಂದ ಬೆಳೆಯುತ್ತದೆ. ಒಂದೇ ಮಾತಿಗೆ ಬೇರೆ ಬೇರೆಯವರು ಬೇರೆ ಬೇರೆ ಬೆಲೆ ತೆರಬೇಕಾಗುತ್ತದೆ; ಕೆಲವೊಮ್ಮೆ ಮಾತಾಡದವರೂ ತೆರಬೇಕಾಗುತ್ತದೆ. ತನ್ನವರ ಎದುರಿನ ಮಾತು ಎದುರಾಳಿಗಳ ಎದುರಿನ ಮಾತಿಗಿಂತ ಕಷ್ಟದ್ದು. ಧೈರ್ಯವಾಗಿ ಆಡಿದ ಮಾತೂ ತಪ್ಪಾಗಿರಬಹುದು. ಅದಕ್ಕೆ ತಕ್ಕ ಉತ್ತರ ಮಾತೇ. ಹಿಂದೆ ಸರಿದವನು ಮತ್ತೆ ಮುಂದೆ ಬರಬಲ್ಲ.

ಈ ತಿಳಿವಳಿಕೆಯಿಂದ ಅಧ್ಯಾಪಕರಾದ ನಮ್ಮ ಮೇಲೆ ಬೀಳುವ ಹೊಣೆ 1973ರ ಹಾಸ್ಟೆಲುಗಳಷ್ಟೇ ವಾಸ್ತವವಾದುದು. ಇಂದಿನ ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವವರು ಬಹಳ ಮಂದಿ ಇದ್ದಾರೆ. ಪಠ್ಯದಲ್ಲಿ ತನ್ನ ಜಾತಿಯನ್ನು, ತನ್ನ ಧರ್ಮವನ್ನು, ತನ್ನ ಊರಿನ ನುಡಿಯನ್ನು ಹೀನಾಯವಾಗಿ ಕಂಡ ಸಾಲು ಬಂದಾಗ ತಲೆ ತಗ್ಗಿಸುವ ವಿದ್ಯಾರ್ಥಿಯನ್ನು ನಾವೆಲ್ಲ ನೋಡಿದ್ದೇವೆ. ಆ ಸಾಲಿನ ಅಲಂಕಾರವನ್ನು ವಿವರಿಸಿ ಮುಂದಿನ ಪದ್ಯಕ್ಕೆ ಹೋಗಿದ್ದೂ ಉಂಟು. ಆ ಹೊತ್ತಿನಲ್ಲಿ ಧೈರ್ಯ ತೋರಬೇಕಾದವರು ಅಂಕಗಳಿಗಾಗಿ ನಮ್ಮನ್ನು ಅವಲಂಬಿಸಿರುವ ಆ ವಿದ್ಯಾರ್ಥಿಯಲ್ಲ. ಪಾಠವನ್ನು ನಿಲ್ಲಿಸಿ, ಈ ಸಾಲು ನಿನಗೆ ಹೇಗೆ ಕೇಳುತ್ತದೆ ಎಂದು ವಿಚಾರಿಸಬೇಕಾದ ನಾವು. ಒತ್ತಾಯದಿಂದ ಉತ್ತರ ಪಡೆಯಬೇಕಾಗಿಲ್ಲ. ಉತ್ತರಿಸಿದರೆ ನಷ್ಟವಿಲ್ಲ ಎಂಬ ಭರವಸೆ ಮೂಡಿದರೆ ಸಾಕು.

ಬೂಸಾ ಪ್ರಕರಣದಂತಹ ವಾಗ್ವಾದಗಳನ್ನು ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಯಿಂದ ಎತ್ತಿ ಪಠ್ಯವಾಗಿಸಬೇಕು. ಬಸವಲಿಂಗಪ್ಪನವರ ದೂರನ್ನೂ, ಅದನ್ನು ವಿರೋಧಿಸಿದವರ ಆತಂಕವನ್ನೂ, ಕುವೆಂಪು ಅವರ ನಿಲುವನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಿಸಬೇಕು. ಆಗ ವಿದ್ಯಾರ್ಥಿಗೆ ಭಿನ್ನಾಭಿಪ್ರಾಯದ ಚರಿತ್ರೆಯ ಜೊತೆಗೆ ಭಿನ್ನವಾಗಿ ಯೋಚಿಸುವ ಕ್ರಮವೂ ದೊರೆಯುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದವನ ಎದೆಗೆ ಒದೆ ಬೀಳುವುದನ್ನು ಲೋಕದಲ್ಲೆಲ್ಲ ತಡೆಯುವುದು ನಮ್ಮ ಕೈಯಲ್ಲಿಲ್ಲ. ನಮ್ಮ ತರಗತಿಯ ನಾಲ್ಕು ಗೋಡೆಗಳ ನಡುವೆಯಾದರೂ ಆ ಗಾದೆ ಸುಳ್ಳಾಗುವಂತೆ ಮಾಡುವುದು ನಮ್ಮ ಕೈಯಲ್ಲಿದೆ.